ವಾಪಸ್ ಬರುವ ಬಸ್ಸು

ರಜೆಯ ಪ್ರೇಮಕಾದಂಬರಿಗಳಿಗೆ ಒಂದು ಖಾಯಂ ದಾರಿ ಇರುತ್ತದೆ. ಮನಸ್ಸಿಗೆ ಪೆಟ್ಟು ಬಿದ್ದ ಹುಡುಗಿ ಊರು ಬಿಟ್ಟು ಬೆಟ್ಟಕ್ಕೋ ಸಮುದ್ರದ ದಂಡೆಗೋ ಹೋಗುತ್ತಾಳೆ. ಅಲ್ಲೊಬ್ಬ ಅಪರಿಚಿತ ಸಿಗುತ್ತಾನೆ. ಮಾತು ಕಡಿಮೆ, ಅವನಿಗೂ ಒಂದು ಹಳೇ ನೋವು. ಮಳೆ ಬರುತ್ತದೆ, ಕರೆಂಟು ಹೋಗುತ್ತದೆ, ಇಬ್ಬರೂ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಕೊನೇ ಪುಟದ ಹೊತ್ತಿಗೆ ಆಕೆ ಗುಣವಾಗಿರುತ್ತಾಳೆ.

ಇಂಥ ಪುಸ್ತಕಗಳನ್ನು ನಾನು ಬೈಯುವುದಿಲ್ಲ. ನಮ್ಮ ಗೊಬ್ಬೂರಿನಂಥ ಊರಲ್ಲಿ ತೊಗರಿ ರಾಶಿ ಮುಗಿಯೋತನಕ ಮನೆ-ಹೊಲ ಬಿಟ್ಟು ಕದಲಲಾಗದ ಹೆಣ್ಣುಮಕ್ಕಳಿಗೆ ಇನ್ನೂರು ಪುಟದಾಗ ಮಡಿಕೇರಿ ಸಿಕ್ಕರೆ ತಪ್ಪೇನ್ರಿ? ನನ್ನ ತಕರಾರು ಬೇರೆ. ಈ ಕಥೆಗಳು ವಾಪಸ್ ಬರುವ ಬಸ್ಸು ಹತ್ತುವ ಮೊದಲೇ ಮುಗಿದುಬಿಡುತ್ತವೆ.

ಆ ಬಸ್ಸು ಇಳಿದ ಮೇಲಿನ ಕಥೆಯನ್ನು ಕನ್ನಡದಲ್ಲಿ ಬರೆದವರು ತ್ರಿವೇಣಿ. ಅವರು ಮನಃಶಾಸ್ತ್ರ ಓದಿದವರು. ‘ಶರಪಂಜರ’ದ ಕಾವೇರಿಗೆ ಗಂಡ, ಮಗು, ಒಲವು ಎಲ್ಲಾ ಇದೆ. ಎರಡನೇ ಹೆರಿಗೆಯ ನಂತರ ಮನಸ್ಸು ಹದ ತಪ್ಪುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ, ಗುಣವಾಗುತ್ತಾಳೆ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ‘ಶುಭಂ’ ಹಾಕುತ್ತಿದ್ದರು. ತ್ರಿವೇಣಿಯವರ ನಿಜವಾದ ಕಥೆ ಶುರುವಾಗುವುದೇ ಇಲ್ಲಿಂದ. ಆಕೆ ನಕ್ಕರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಸಿಟ್ಟು ಬಂದರೆ ‘ಮತ್ತೆ ಶುರುವಾಯ್ತು’ ಅನ್ನುವ ಪಿಸುಮಾತು. ಗಂಡನೂ ದೂರ ಸರಿಯುತ್ತಾನೆ, ಇನ್ನೊಬ್ಬಳ ಕಡೆ ವಾಲುತ್ತಾನೆ. ರೋಗ ಹೋಗಿದೆ, ರೋಗಿ ಅನ್ನುವ ಹೆಸರು ಹೋಗಿಲ್ಲ. ಕೊನೆಗೆ ಆಕೆ ಮತ್ತೆ ಆಸ್ಪತ್ರೆಯ ದಾರಿ ಹಿಡಿಯುತ್ತಾಳೆ.

1971ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಸಿನಿಮಾ ಮಾಡಿದರು, ಕಾವೇರಿಯಾದದ್ದು ಕಲ್ಪನಾ. ಗಂಡ-ಹೆಂಡತಿ ಕೊಡಗಿನ ಹಸಿರಲ್ಲಿ ತಿರುಗಾಡುವ ಆ ಹಾಡು ಈಗಲೂ ಜನರ ಬಾಯಲ್ಲಿದೆ. ಅದನ್ನಷ್ಟೇ ಕತ್ತರಿಸಿ ತೆಗೆದರೆ ಛಲೋ ಒಂದು ರಜೆಯ ಪ್ರೇಮಕಥೆ ಆಗುತ್ತದೆ. ಆದರೆ ಕೊಡಗಿನಲ್ಲಿ ಕೈಹಿಡಿದು ನಡೆದ ಗಂಡನೇ ಮನೆಯಲ್ಲಿ ಕೈಬಿಡುತ್ತಾನೆ. ರಜೆಯ ಒಲವು ಎಷ್ಟು ಗಟ್ಟಿ ಅಂತ ಗೊತ್ತಾಗುವುದು ರಜೆ ಮುಗಿದ ಮೇಲೇ.

ಅವರದೇ ‘ಬೆಳ್ಳಿಮೋಡ’ವನ್ನೂ ಇದರ ಜತೆಗಿಟ್ಟು ಓದಬೇಕು. ಅಲ್ಲಿ ಬೆಟ್ಟ, ಎಸ್ಟೇಟು, ನಿಶ್ಚಯವಾದ ಹುಡುಗ ಎಲ್ಲಾ ಉಂಟು. ಇಂದಿರಾಗೆ ತಮ್ಮ ಹುಟ್ಟಿ ಆಸ್ತಿಗೆ ಆಕೆ ಒಬ್ಬಳೇ ವಾರಸುದಾರಳಲ್ಲ ಅಂತಾದ ಕೂಡಲೇ ಮೋಹನನ ಪ್ರೀತಿ ಆರುತ್ತದೆ. ಮುಂದೆ ಪೆಟ್ಟು ಬಿದ್ದು ಹಾಸಿಗೆ ಹಿಡಿದ ಅವನಿಗೆ ಆಕೆಯೇ ಆರೈಕೆ ಮಾಡುತ್ತಾಳೆ. ಆರೈಕೆ ಮಾಡಿದವಳು ಕೈಹಿಡಿಯಲೂ ಬೇಕು ಅನ್ನುವುದು ಈ ಜಾತಿಯ ಕಾದಂಬರಿಗಳ ನಿಯಮ. ಇಂದಿರಾ ಒಲ್ಲೆ ಅನ್ನುತ್ತಾಳೆ. ಗಾಯ ಮಾಯಿಸುವುದು ಬೇರೆ, ನಂಬುವುದು ಬೇರೆ ಅಂತ ಇಷ್ಟು ನೇರವಾಗಿ ಹೇಳಿದ ಜನಪ್ರಿಯ ಕಾದಂಬರಿ ನಮ್ಮಲ್ಲಿ ಎಷ್ಟಿವೆ?

ನಮ್ಮ ಕಡೆಯ ಮಾತಿಗೆ ಬರೋಣ. ಮನಸ್ಸು ಕೆಟ್ಟವರನ್ನು ಇಲ್ಲಿ ದೇವಲ ಗಾಣಗಾಪುರಕ್ಕೆ ಕರೆದೊಯ್ಯುವುದುಂಟು. ಭೀಮಾ-ಅಮರಜಾ ಸಂಗಮದಲ್ಲಿ ಸ್ನಾನ, ದತ್ತನ ಗುಡಿಯಲ್ಲಿ ಮಧ್ಯಾಹ್ನದ ಮಂಗಳಾರತಿ. ಆ ಹೊತ್ತಿಗೆ ಕೂಗುವವರು, ಕಂಬ ಏರುವವರು ಇರುತ್ತಾರೆ. ಮನಸ್ಸಿನ ಕಾಯಿಲೆಗೆ ಡಾಕ್ಟರು ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅಲ್ಲಿ ಕೂಗಿದವಳನ್ನು ಜನ ವಿಚಿತ್ರ ಅಂತ ನೋಡುವುದಿಲ್ಲ. ನೋಡುವುದು ಊರಿಗೆ ಬಂದ ಮೇಲೆ. ಆಸ್ಪತ್ರೆಗೆ ಹೋಗಿ ಬಂದವರ ಪಾಡೂ ಅದೇ. ‘ಇವನ್ನ ಧಾರವಾಡಕ್ಕ ಕಳಸ್ಬೇಕು’ ಅಂತ ಕಟ್ಟೆ ಮೇಲೆ ಕೂತು ನಗಚಾಟಿಕಿ ಮಾಡುವ ನಮಗೆ, ಧಾರವಾಡದಿಂದ ಗುಣವಾಗಿ ಬಂದವರ ಜತೆ ಹೆಂಗ ಮಾತಾಡಬೇಕು ಅನ್ನೋದು ಗೊತ್ತಿಲ್ಲ. ಕಾವೇರಿ ಬಿದ್ದದ್ದು ಈ ಜಾಗದಲ್ಲೇ.

ತ್ರಿವೇಣಿಯವರ ಮೇಲೂ ನನ್ನದೊಂದು ದೂರಿದೆ. ಕಾವೇರಿಯ ಪಕ್ಕ ಗಟ್ಟಿಯಾಗಿ ನಿಲ್ಲುವ ಒಬ್ಬರನ್ನೂ ಅವರು ಉಳಿಸಲಿಲ್ಲ. ಈಗ ಗುಳಿಗೆ ನುಂಗುತ್ತಾ ಮನೆ ನಡೆಸುತ್ತಿರುವ ಒಬ್ಬ ತಾಯಿ ಇದನ್ನು ಓದಿದರೆ, ಗುಣವಾದರೂ ಸುಖವಿಲ್ಲ ಅಂತ ಪುಸ್ತಕ ಮುಚ್ಚಿಟ್ಟಾಳು. ನಿಜ ಜೀವನದಲ್ಲಿ ಅತ್ತೆಯೋ ನಾದಿನಿಯೋ ಪಕ್ಕದ ಮನೆಯ ಕಾಕುವೋ ‘ಬಾರವ್ವ, ರೊಟ್ಟಿ ಬಡಿಯೂಣು’ ಅಂತ ಮೊದಲಿನ ಹಾಗೇ ಕರೆಯುವುದೂ ಉಂಟು. ಆ ಕರೆಗೆ ಕಾದಂಬರಿಯಲ್ಲಿ ಒಂದು ಪುಟ ಸಿಗಬೇಕಿತ್ತು.

1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ತ್ರಿವೇಣಿ ತೀರಿಕೊಂಡರು. ಆಗ ಅವರಿಗೆ 34 ವರ್ಷ. ಬಾಣಂತನದ ಮನಸ್ಸಿನ ಬಗ್ಗೆ ಮನೆಯೊಳಗೆ ಮಾತೇ ಆಡದ ಕಾಲದಲ್ಲಿ ಅವರು ಅದನ್ನು ಎಲ್ಲರೂ ಓದುವ ಕಾದಂಬರಿಯಾಗಿ ಬರೆದರು. ಈಗ ರಜೆಯ ಪ್ರೇಮಕಥೆ ಬರೆಯುವವರಿಗೆ ನನ್ನದು ಒಂದೇ ವಿನಂತಿ. ಬೆಟ್ಟ ಇರಲಿ, ಮಳೆ ಇರಲಿ, ಆ ಹುಡುಗನೂ ಇರಲಿ. ಇನ್ನೊಂದು ಇಪ್ಪತ್ತು ಪುಟ ಜಾಸ್ತಿ ಬರೆದು ಆ ಹುಡುಗಿಯನ್ನು ಮನೆತನಕ ಮುಟ್ಟಿಸ್ರಿ. ಬಾಗಿಲು ಯಾರು ತೆಗೀತಾರ, ಏನಂತಾರ, ನೋಡೋಣು.