ಬ್ರಾಡ್ಲಿಯವರ ಲೇಖನವೂ ಎಳೆಯ ಮಕ್ಕಳ ಔಷಧವೂ: ಒಂದು ದಾಖಲೆಯ ವಿಮರ್ಶೆ

ಮಕ್ಕಳ ಅತಿಚಾಂಚಲ್ಯಕ್ಕೂ ಅನವಧಾನಕ್ಕೂ ಉತ್ತೇಜಕ ಔಷಧಗಳನ್ನು ಕೊಡುವ ಪದ್ಧತಿಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಒಂದು ಲೇಖನದಿಂದ ಮೊದಲುಮಾಡುತ್ತಾರೆ. ಬೆಂಜೆಡ್ರಿನ್ ಸೇವಿಸಿದ ಮಕ್ಕಳ ನಡವಳಿಕೆಯನ್ನು ಕುರಿತು ಅಮೆರಿಕದ ವೈದ್ಯ ಚಾರ್ಲ್ಸ್ ಬ್ರಾಡ್ಲಿಯವರು 1937ರಲ್ಲಿ ಅಮೆರಿಕನ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಪ್ರಕಟಿಸಿದ ಲೇಖನವದು. ವೈದ್ಯಶಾಸ್ತ್ರದಲ್ಲಿ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆದರೆ ಒಂದು ದಾಖಲೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ, ಮುಂದಿನವರು ಅದರ ಬಾಯಿಂದ ಏನನ್ನು ಹೇಳಿಸಿದರು ಎಂಬುದನ್ನು ಪರೀಕ್ಷಿಸುವುದು ಇತಿಹಾಸದ ವಿದ್ಯಾರ್ಥಿಗೆ ಸಲ್ಲತಕ್ಕ ಕೆಲಸವೇ. ದಾನಶಾಸನವನ್ನು ಓದುವಾಗ ಕೊಟ್ಟ ಭೂಮಿಯ ಎಲ್ಲೆ ಯಾವುದೆಂದು ನಾವು ಮೊದಲು ನೋಡುತ್ತೇವೆ. ಈ ಲೇಖನದ ವಿಷಯದಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ.

ಲೇಖನದ ಹಿನ್ನೆಲೆ ಪ್ರಸಿದ್ಧವಾದುದು. ರೋಡ್ ಐಲೆಂಡ್ ಸಂಸ್ಥಾನದಲ್ಲಿ 1931ರಲ್ಲಿ ತೆರೆದ ಎಮ್ಮಾ ಪೆಂಡಲ್ಟನ್ ಬ್ರಾಡ್ಲಿ ಹೋಮ್ ಎಂಬ ಮಕ್ಕಳ ಚಿಕಿತ್ಸಾಲಯದಲ್ಲಿ, ಮಿದುಳಿನ ಚಿತ್ರವನ್ನು ತೆಗೆಯುವುದಕ್ಕಾಗಿ ಬೆನ್ನುಹುರಿಯ ದ್ರವವನ್ನು ಹೊರತೆಗೆದು ಗಾಳಿಯನ್ನು ತುಂಬುವ ಪರೀಕ್ಷೆ ನಡೆಯುತ್ತಿತ್ತು. ಅದರಿಂದ ಮಕ್ಕಳಿಗೆ ಕಠಿನವಾದ ತಲೆನೋವು ಬರುತ್ತಿತ್ತು. ದ್ರವವು ಬೇಗ ಮರಳಿ ತುಂಬಲೆಂದು ಬ್ರಾಡ್ಲಿಯವರು ಬೆಂಜೆಡ್ರಿನ್ ಕೊಟ್ಟರು. ತಲೆನೋವು ಅಷ್ಟಾಗಿ ಇಳಿಯಲಿಲ್ಲ. ಆದರೆ ಪಾಠದಲ್ಲಿ ಕೆಲವು ಮಕ್ಕಳ ಶ್ರದ್ಧೆ ಹೆಚ್ಚಿದುದನ್ನು ಉಪಾಧ್ಯಾಯರು ಕಂಡರು. ಮಕ್ಕಳು ಅದನ್ನು ಲೆಕ್ಕದ ಗುಳಿಗೆ ಎಂದು ಕರೆದರಂತೆ. ಈ ಆಕಸ್ಮಿಕದ ಕಥೆಯನ್ನು ಗ್ರಂಥಕರ್ತರು ಬಹಳ ಸವಿದು ಹೇಳುತ್ತಾರೆ. ಮೂಲಲೇಖನದ ವಿವರಗಳ ಮೇಲೆ ಅಷ್ಟು ಹೊತ್ತು ನಿಲ್ಲುವುದಿಲ್ಲ.

ವಿವರಗಳು ಹೀಗಿವೆ. ಮಕ್ಕಳ ಸಂಖ್ಯೆ 30. ಗಂಡುಮಕ್ಕಳು 21, ಹೆಣ್ಣುಮಕ್ಕಳು 9. ವಯಸ್ಸು 5ರಿಂದ 14. ಎಲ್ಲರೂ ಆ ಚಿಕಿತ್ಸಾಲಯದಲ್ಲಿಯೇ ವಾಸವಾಗಿದ್ದು, ದಾದಿಯರ ಮತ್ತು ಉಪಾಧ್ಯಾಯರ ಕಣ್ಣೆದುರಿನಲ್ಲಿಯೇ ಇದ್ದವರು. ಔಷಧ ಕೊಟ್ಟದ್ದು ಒಂದು ವಾರ. ಅದರ ಹಿಂದಿನ ವಾರವನ್ನೂ ಮುಂದಿನ ವಾರವನ್ನೂ ಹೋಲಿಕೆಗಾಗಿ ಗಮನಿಸಲಾಯಿತು. 14 ಮಕ್ಕಳಲ್ಲಿ ಶಾಲೆಯ ಕೆಲಸ ಆಶ್ಚರ್ಯವೆನಿಸುವಷ್ಟು ಸುಧಾರಿಸಿತು. 15 ಮಕ್ಕಳು ಭಾವೋದ್ವೇಗ ತಗ್ಗಿ ಶಾಂತರಾದರು. ಉತ್ತೇಜಕವೊಂದು ಶಾಂತಗೊಳಿಸಿದುದು ವಿರೋಧಾಭಾಸದಂತೆ ತೋರುತ್ತದೆಂದು ಬ್ರಾಡ್ಲಿಯವರೇ ಬರೆದರು. ಲಕ್ಷಣಗಳನ್ನು ಅಡಗಿಸಲು ಔಷಧವನ್ನು ವಿವೇಚನೆಯಿಲ್ಲದೆ ಬಳಸಿದರೆ ಮೂಲಕಾರಣವೇ ಮರೆಯಾದೀತೆಂಬ ಎಚ್ಚರಿಕೆಯೂ ಅವರದೇ.

ಇಲ್ಲಿ ನಾವು ಎರಡು ಸಂಗತಿಗಳನ್ನು ಗಮನಿಸತಕ್ಕದ್ದಿದೆ. ಗುಣ ಕಂಡಿತೆಂಬುದಕ್ಕೆ ಮುಖ್ಯವಾದ ಅಳತೆಗೋಲು ಪಾಠಶಾಲೆ. ಲೆಕ್ಕ ಮಾಡುವ ವೇಗ, ಕುಳಿತ ಕಡೆ ಕುಳಿತಿರುವ ಶಕ್ತಿ, ಒಪ್ಪಿಸಿದ ಕೆಲಸವನ್ನು ಮುಗಿಸುವ ಆಸಕ್ತಿ: ಇವನ್ನು ಉಪಾಧ್ಯಾಯರು ಅಳೆಯಬಲ್ಲರು, ಏಕೆಂದರೆ ಶಾಲೆ ಇವನ್ನು ಕೇಳುತ್ತದೆ. ಎರಡನೆಯದಾಗಿ, 5 ವರ್ಷಕ್ಕೆ ಕೆಳಗಿನ ಒಂದು ಮಗುವೂ ಆ ಮೂವತ್ತರಲ್ಲಿ ಇರಲಿಲ್ಲ. ದಾಖಲೆಯ ಎಲ್ಲೆ ಅಲ್ಲಿಗೆ ನಿಲ್ಲುತ್ತದೆ.

ಎಲ್ಲೆಯನ್ನು ದಾಟಿದವರು ಮುಂದಿನವರು. ಬಾಸೆಲ್ ನಗರದ ಸೀಬಾ ಸಂಸ್ಥೆಯಲ್ಲಿ 1944ರಲ್ಲಿ ಸಿದ್ಧವಾದ ಮೀಥೈಲ್‌ಫೆನಿಡೇಟ್ ಕ್ರಮೇಣ ಬೆಂಜೆಡ್ರಿನ್ನಿನ ಸ್ಥಾನಕ್ಕೆ ಬಂದಿತು. ಶಾಂತನಾದ ಮಗು ರೋಗಿಯೇ ಆಗಿದ್ದಿರಬೇಕು, ಇಲ್ಲದಿದ್ದರೆ ಔಷಧ ಹೀಗೆ ಫಲಿಸುತ್ತಿರಲಿಲ್ಲ ಎಂಬ ತರ್ಕವೂ ಬಳಕೆಗೆ ಬಂದಿತು. ಈ ತರ್ಕವನ್ನು 1978ರಲ್ಲಿ ಜುಡಿತ್ ರಾಪೊಪೋರ್ಟ್ ಮತ್ತು ಸಂಗಡಿಗರು ಮುರಿದರು. ಯಾವ ದೋಷವೂ ಇಲ್ಲದ ಹುಡುಗರಿಗೆ ಆಂಫೆಟಮಿನ್ ಕೊಟ್ಟಾಗಲೂ ಅವರ ಓಡಾಟ ತಗ್ಗಿತು, ಅವಧಾನ ಹೆಚ್ಚಿತು. ಔಷಧದ ಫಲದಿಂದ ರೋಗವನ್ನು ಊಹಿಸಲಾಗದೆಂಬುದು ಇದರಿಂದ ಸ್ಪಷ್ಟವಾಗಿದ್ದರೂ, ಹಳೆಯ ತರ್ಕ ಜನರ ಮಾತಿನಲ್ಲಿ ಇನ್ನೂ ಉಳಿದಿದೆ.

2000ದಲ್ಲಿ ಜೂಲಿ ಝೀಟೋ ಮತ್ತು ಸಂಗಡಿಗರು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಸಮೀಕ್ಷೆ 2ರಿಂದ 4 ವರ್ಷದ ಮಕ್ಕಳನ್ನು ಕುರಿತದ್ದು. 1991ರಿಂದ 1995ರೊಳಗೆ ಈ ಮಕ್ಕಳಿಗೆ ಉತ್ತೇಜಕಗಳನ್ನೂ ಇತರ ಮನೋವೈದ್ಯ ಔಷಧಗಳನ್ನೂ ಬರೆದುಕೊಡುವುದು ಬಹಳ ಹೆಚ್ಚಿತೆಂದು ಅದು ತೋರಿಸಿತು. ಎರಡು ವರ್ಷದ ಮಗುವಿಗೆ ಲೆಕ್ಕವಿಲ್ಲ, ಪಾಠವಿಲ್ಲ, ಬೆಂಚಿಲ್ಲ. ಹಾಗಾದರೆ ಗುಣವನ್ನು ಅಳೆದವರು ಯಾರು, ಯಾವುದರಿಂದ? ಬ್ರಾಡ್ಲಿಯವರ ಅಳತೆಗೋಲು ಇಲ್ಲಿ ಕೈಬಿಟ್ಟಿತ್ತು. ಅವರ ಹೆಸರಿನ ಪ್ರಾಮಾಣ್ಯ ಮಾತ್ರ ಉಳಿದಿತ್ತು. ದಣಿದ ತಂದೆತಾಯಿಗಳ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಮನೆಯವರ ದಣಿವು ಬೇರೆ, ಮಗುವಿನ ರೋಗ ಬೇರೆ. ಎದೆ ಡವಡವ ಎನ್ನುತ್ತಿದೆ, ಊಟ ರುಚಿಸುವುದಿಲ್ಲ ಎಂದು ಹೇಳಲು ಆ ವಯಸ್ಸಿಗೆ ಮಾತು ಕೂಡ ಬಂದಿರುವುದಿಲ್ಲ.

ಇಷ್ಟರಿಂದ ಔಷಧವೆಲ್ಲ ವ್ಯಾಪಾರಿಗಳ ಸಂಚೆಂದು ಕೂಗುವವರ ಪಕ್ಷವನ್ನು ನಾವು ಹಿಡಿಯಲಾರೆವು. 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆ 3ರಿಂದ 5½ ವರ್ಷದ ಮಕ್ಕಳ ಮೇಲೆಯೇ ನಡೆಯಿತು. ಮೊದಲು ತಂದೆತಾಯಿಗಳಿಗೆ ತರಬೇತಿ ಕೊಟ್ಟು, ಆ ಮೇಲೂ ತೀವ್ರ ತೊಂದರೆ ಉಳಿದವರಿಗೆ ಮಾತ್ರ ಮೀಥೈಲ್‌ಫೆನಿಡೇಟನ್ನು ಕೊಡಲಾಯಿತು. ಅದು ಫಲಿಸಿತು, ಆದರೆ ದೊಡ್ಡ ಮಕ್ಕಳಲ್ಲಿ ಫಲಿಸಿದಷ್ಟು ಅಲ್ಲ. ಸುಮಾರು ಶೇ. 11ರಷ್ಟು ಮಕ್ಕಳು ಅಡ್ಡಪರಿಣಾಮಗಳಿಂದ ಔಷಧವನ್ನು ಬಿಟ್ಟರು. ಮುಂದುವರಿಸಿದವರ ಬೆಳವಣಿಗೆ ಕುಂಠಿತವಾಯಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ 4–5 ವರ್ಷದವರಿಗೆ ನಡವಳಿಕೆಯ ಚಿಕಿತ್ಸೆಯೇ ಮೊದಲಿರಬೇಕೆಂದು ವಿಧಿಸಿದುದು ಇಂಥ ಆಧಾರಗಳ ಮೇಲೆ.

ಇನ್ನೊಂದು ವಿಚಿತ್ರವನ್ನು ಹೇಳಬೇಕು. ಹೀಗೆ ಪರೀಕ್ಷೆಗೆ ಒಳಗಾದ ಮೀಥೈಲ್‌ಫೆನಿಡೇಟಿಗೆ ಅಮೆರಿಕದ ಸರಕಾರ 6 ವರ್ಷದ ಮೇಲಿನವರಿಗೆ ಮಾತ್ರ ಅನುಮತಿ ಕೊಟ್ಟಿದೆ. ಆ ವಯಸ್ಸಿನವರಲ್ಲಿ ಅಷ್ಟು ಪರೀಕ್ಷೆ ಕಾಣದ ಡೆಕ್ಸ್‌ಟ್ರೋ‌ಆಂಫೆಟಮಿನ್ನಿನ ಸಾದಾ ಮಾತ್ರೆಗೆ 3 ವರ್ಷದಿಂದಲೇ ಅನುಮತಿಯಿದೆ. ಕಾರಣ ವೈದ್ಯಶಾಸ್ತ್ರದ್ದಲ್ಲ, ಕಾಲಗಣನೆಯದು: ಎರಡನೆಯದಕ್ಕೆ ಆ ಅನುಮತಿ ಬಂದಾಗ ನಿಯಮಗಳು ಇಷ್ಟು ಬಿಗಿಯಾಗಿರಲಿಲ್ಲ. ಆ ಹಳೆಯ ಅಂಕಿ ಔಷಧದ ವಿವರಪತ್ರದ ಮೇಲೆ ಇಂದಿಗೂ ಹಾಗೆಯೇ ಅಚ್ಚಾಗುತ್ತಿದೆ.