ಅಗುಳಿ ಎಳೆದ ಸದ್ದು

ತೆಂಗಿನಗುಂಡಿ ಬಂದರಿನ ಬೋಟಿನ ಸದ್ದಿನಲ್ಲೇ ಬೆಳೆದ ನನ್ನ ಕಿವಿಗೆ ಇನ್ನೊಂದು ಕಬ್ಬಿಣದ ಸದ್ದು ಹಿಡಿಸಿದ್ದು ಮಾವನ ಮನೆಯಲ್ಲಿ. ಬಂಗಾಳದ ಇಷಾಪುರ ಕಾರ್ಖಾನೆಯ .315 ರೈಫಲ್. ತೋಟೆ ಇಲ್ಲವೆಂದು ಮಾವ ಎರಡು ಸಲ ನೋಡಿಕೊಂಡು, ಬೋಲ್ಟಿನ ಹಿಡಿಕೆ ಮೇಲೆತ್ತಿ ಹಿಂದಕ್ಕೆಳೆದರು. ಎಣ್ಣೆ ಹಾಕಿದ ಬಾಗಿಲ ಅಗುಳಿಯಂತೆ ಜಾರಿತು. ಅದರ ಕೆಲಸವೂ ಅದೇ ತಾನೆ, ತೋಟೆಯ ಹಿಂದೆ ಗಟ್ಟಿಯಾಗಿ ಬಾಗಿಲು ಹಾಕುವುದು!

ಒಡಲು ಬ್ರಿಟಿಷ್ ಸೈನ್ಯದ ಹಳೆಯ ಲೀ-ಎನ್‌ಫೀಲ್ಡ್ ರೈಫಲಿನದು. ಸೈನ್ಯದ .303 ತೋಟೆ ಜನರ ಕೈಗೆ ಸಿಗಬಾರದೆಂದು ಬ್ರಿಟಿಷರು ತಡೆದದ್ದರಿಂದ ಇಲ್ಲಿ .315 ಬೇರೂರಿತು. ಲೀ ಬೋಲ್ಟನ್ನು ಬಿಗಿಹಿಡಿಯುವ ಕಚ್ಚುಗಳು ಹಿಂದಿವೆ. ಮೌಸರ್ ಮಾದರಿಯಲ್ಲಿ ಮುಂದೆ, ತೋಟೆಯ ಬುಡದಲ್ಲೇ ಕಚ್ಚಿ ನಿಲ್ಲುತ್ತವೆ. ಗುರಿಯ ಕರಾರುವಾಕ್ಕಿಗೆ ಮೌಸರ್ ಜಾತಿಯೇ ಮೇಲು, ಕೈವೇಗಕ್ಕೆ ಲೀ. ಫಿನ್ಲೆಂಡಿನ ಟಿಕ್ಕಾ ರೈಫಲಿನವರಂತೂ ನೂರು ಮೀಟರಿನಲ್ಲಿ ಗುಂಡುಗಳು ಸುಮಾರು 3 ಸೆಂಟಿಮೀಟರ್ ಒಳಗೇ ಕೂರುತ್ತವೆಂದು ಮಾತು ಕೊಟ್ಟು ಮಾರುತ್ತಾರೆ. ಹೊಟ್ಟೆಕಿಚ್ಚಾಗುತ್ತದೆ, ಸುಳ್ಳೇಕೆ? ಆದರೆ ನಮ್ಮ ಅಡಿಕೆ ಮರಗಳ ನಡುವೆ ನೂರು ಮೀಟರ್ ಕಾಣುವುದಾದರೂ ಎಲ್ಲಿ?

ಕೊಟ್ಟ ಕಾಸಿಗೆ ಯಾವುದು ಎಂದು ಕೇಳಿದರೆ, ಬೆಳೆ ಕಾಯುವವರಿಗೆ ಜೋಡುನಳಿಗೆ ಕೋವಿ ಸಾಕು. ಗುರಿಯ ಹುಚ್ಚಿರುವವರು ರೈಫಲ್ ಕ್ಲಬ್ಬಿನ .22ರಲ್ಲಿ ಕೈ ಪಳಗಿಸಲಿ. .315 ಮೇಲೇ ಮನಸ್ಸಿದ್ದರೆ, ಖಾಲಿ ನಳಿಗೆಗೆ ಬೆಳಕು ಬಿಟ್ಟು ಒಳಗಿನ ತಿರುವುಗೆರೆ ನೋಡಿಯೇ ಕೊಳ್ಳಿ. ನಮ್ಮ ಉಪ್ಪುಗಾಳಿ ಉಕ್ಕನ್ನು ಬಿಡುವುದಿಲ್ಲ. ಚುನಾವಣೆ ಬಂದಾಗ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸುವ ಮುಂಚೆ ದಪ್ಪಗೆ ಎಣ್ಣೆ ಸವರಲು ಮರೆಯಬೇಡಿ.