ನಮ್ಮ ಸೀಮೆಯ ಕುರುಕ್ಷೇತ್ರ

ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂತೆಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಯಾವ ಊರಿನ ಗೇಟಿನಲ್ಲಿ ಬಸ್ಸಿಳಿದರೂ ಒಂದು ಕುರುಕ್ಷೇತ್ರದ ಫ್ಲೆಕ್ಸ್ ಕಣ್ಣಿಗೆ ಬೀಳುತ್ತದೆ. ಕಿರೀಟ ಹೊತ್ತ ಇಪ್ಪತ್ತು ಮೂವತ್ತು ಮುಖಗಳು. ಪ್ರತಿಯೊಂದರ ಕೆಳಗೂ ಪಾತ್ರದ ಹೆಸರು, ಆಡುವವನ ಹೆಸರು, ಅವನ ತಂದೆಯ ಹೆಸರು. ಊರಿನ ಯುವಕರ ಸಂಘದವರು ಅರ್ಪಿಸುವ ಪೌರಾಣಿಕ ನಾಟಕ, ರಾತ್ರಿ 9 ಗಂಟೆಗೆ ಸರಿಯಾಗಿ. ‘ಸರಿಯಾಗಿ’ ಎಂದರೆ ಹತ್ತೂವರೆ ಎಂದು ಓದಿಕೊಳ್ಳಬೇಕು.

ಹವ್ಯಾಸಿ ರಂಗಭೂಮಿಯ ಬಗ್ಗೆ ಬರೆಯುವವರು ಬೆಂಗಳೂರಿನ ತಂಡಗಳನ್ನೂ ಹೆಗ್ಗೋಡನ್ನೂ ನೆನೆಯುತ್ತಾರೆ. ನೆನೆಯಲೇಬೇಕು. 1972ರಲ್ಲಿ ಬಿ.ವಿ. ಕಾರಂತರು ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಆಡಿಸಿದ ಮೇಲೆ ಹಾಡು ಕುಣಿತದ ನಾಟಕಕ್ಕೆ ಓದು ಬಲ್ಲವರ ನಡುವೆ ಮತ್ತೆ ಮರ್ಯಾದೆ ಬಂತು. ಆದರೆ ಆ ಮರ್ಯಾದೆ ಸಿಗುವುದಕ್ಕೆ ಮುಂಚೆಯೂ ಸಿಕ್ಕ ಮೇಲೆಯೂ, ಯಾರ ಅಪ್ಪಣೆಗೂ ಕಾಯದೆ, ನಮ್ಮ ಸೀಮೆಯ ಹುಡುಗರು ಹಾಡಿನ ನಾಟಕ ಆಡುತ್ತಲೇ ಇದ್ದಾರೆ. ಹಗಲು ಆಟೋ ಓಡಿಸುವವನು, ರೇಷ್ಮೆ ಗೂಡು ಮಾರುಕಟ್ಟೆಗೆ ಹೊರುವವನು, ಬಿಡದಿಯ ಕಾರ್ಖಾನೆಗೆ ಪಾಳಿಯಲ್ಲಿ ಹೋಗುವವನು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಆಲಾಪ ಕಲಿಯುತ್ತಾನೆ. ಇದರ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಮೂರು ಸಾಲು: ಉದ್ಘಾಟಿಸಿದವರು ಯಾರು, ಅಧ್ಯಕ್ಷತೆ ವಹಿಸಿದವರು ಯಾರು, ಗಣ್ಯರು ಯಾರು ಯಾರು. ನಾಟಕ ಹೇಗಿತ್ತು ಎಂದು ಯಾರೂ ಬರೆಯುವುದಿಲ್ಲ. ಹಳ್ಳಿಯ ಹುಡುಗರ ನಾಟಕವನ್ನು ವಿಮರ್ಶೆ ಮಾಡಬಾರದು, ಬೆನ್ನು ತಟ್ಟಬೇಕು ಎಂಬ ಔದಾರ್ಯವೊಂದಿದೆ ನೋಡಿ, ಅದರೊಳಗೆ ಸ್ವಲ್ಪ ತಾತ್ಸಾರವೂ ಇದೆ ಎಂದು ನನ್ನ ಅನುಮಾನ.

ಈ ನಾಟಕದ ಹಿಂದೆ ದೊಡ್ಡ ವಂಶಾವಳಿಯೇ ಇದೆ. ಮೈಸೂರು ಅರಮನೆಯ ನಾಟಕ ಸಭೆಗೆಂದು ಬಸವಪ್ಪ ಶಾಸ್ತ್ರಿಗಳು ಕನ್ನಡಿಸಿದ ‘ಶಾಕುಂತಲ’ದಿಂದ ಕಂದ, ವೃತ್ತಗಳು ರಂಗದ ಮೇಲೆ ಹಾಡಾಗಿ ನಿಂತವು. ಎ.ವಿ. ವರದಾಚಾರ್ಯರ ಕಾಲದಲ್ಲಿ ಜನ ನಾಟಕ ನೋಡಲು ಹೋಗುತ್ತಿದ್ದರೋ ಕೇಳಲು ಹೋಗುತ್ತಿದ್ದರೋ ಹೇಳುವುದು ಕಷ್ಟ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ವೀರಣ್ಣನವರ ಕಾಲದಲ್ಲಿ, ಬಿ. ಪುಟ್ಟಸ್ವಾಮಯ್ಯನವರು ಬರೆದುಕೊಟ್ಟ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ಇಳಿಸಿತು. ಇಂದು ನಮ್ಮ ಹಳ್ಳಿಗಳಲ್ಲಿ ಆಡುವುದು ಯಾರೊಬ್ಬರ ಕೃತಿಯೂ ಅಲ್ಲ. ಹಲವು ಕೈಗಳ ಪದ್ಯಗಳು, ಮೇಷ್ಟ್ರುಗಳು ತಾವೇ ಸೇರಿಸಿದ ಮಟ್ಟುಗಳು, ಅಲ್ಲೊಂದು ತೆಲುಗಿನ ಸೀಸಪದ್ಯದ ಧಾಟಿ, ಇಲ್ಲೊಂದು ಸಿನಿಮಾ ರಾಗ, ಎಲ್ಲ ಕೂಡಿ ಒಂದು ಪ್ರತಿಯಾಗಿದೆ. ನಮ್ಮ ಜನರ ಮಟ್ಟಿಗೆ ಇದೇ ಶಾಸ್ತ್ರೀಯ ಕೃತಿ. ಮುಂದಿನ ಪದ್ಯ ಯಾವುದು, ರಾಗ ಯಾವುದು ಎಂಬುದು ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತ ಅಜ್ಜನಿಗೆ ನಟನಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಹೋದ ವರ್ಷ ಕನಕಪುರದ ಕಡೆಯ ಒಂದು ಊರಿನಲ್ಲಿ ಇಂಥದೊಂದು ತಂಡದ ಅಭ್ಯಾಸವನ್ನೂ ಪ್ರದರ್ಶನವನ್ನೂ ನೋಡಿದೆ. ತಂಡದ ಅರ್ಧದಷ್ಟು ಮಂದಿ ನನ್ನ ಹಳೆಯ ವಿದ್ಯಾರ್ಥಿಗಳು. ದೇವಸ್ಥಾನದ ಪಡಸಾಲೆಯಲ್ಲಿ ನಾಲ್ಕು ತಿಂಗಳು ಕಲಿತರು. ನಡುವೆ ಎರಡು ಸಲ ಅಭ್ಯಾಸ ನಿಂತಿತು, ಎರಡು ಸಲವೂ ಕಾರಣ ಒಂದೇ: ಹುಳ ಹಣ್ಣಾಗಿತ್ತು. ರೇಷ್ಮೆ ಹುಳ ಗೂಡು ಕಟ್ಟಲು ಸಿದ್ಧವಾದ ಹೊತ್ತಿನಲ್ಲಿ ಮನೆಮಂದಿಯೆಲ್ಲ ಅವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಆಗ ಕೃಷ್ಣನೂ ಇಲ್ಲ, ಕರ್ಣನೂ ಇಲ್ಲ. ಹಾರ್ಮೋನಿಯಂ ಮೇಷ್ಟ್ರು ಇದಕ್ಕೆಲ್ಲ ಒಗ್ಗಿದವರು. ಆ ದಿನಗಳಲ್ಲಿ ಮಾಗಡಿ ಕಡೆಯ ಇನ್ನೊಂದು ತಂಡಕ್ಕೆ ಕಲಿಸಿ ಬಂದರು.

ಕನ್ನಡ ಕಲಿಸುವವಳಾಗಿ ನನಗೆ ಆ ಪಡಸಾಲೆಯಲ್ಲಿ ಕಂಡದ್ದು ದೊಡ್ಡ ಅಚ್ಚರಿ. ಹತ್ತನೆಯ ತರಗತಿಯಲ್ಲಿ ಗಣ ವಿಂಗಡಿಸು ಎಂದರೆ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ಬೆವರುತ್ತಿದ್ದ ಹುಡುಗ ಇಲ್ಲಿ ಚಂಪಕಮಾಲೆಯ ಸಾಲೊಂದನ್ನು, ಇಪ್ಪತ್ತೊಂದು ಅಕ್ಷರಗಳಲ್ಲಿ ಒಂದೂ ಹೆಚ್ಚು ಕಡಿಮೆಯಾಗದಂತೆ, ಗುರು ಲಘು ತಪ್ಪದೆ ಹಾಡುತ್ತಾನೆ. ಅದು ಚಂಪಕಮಾಲೆ ಎಂದು ಅವನಿಗೆ ತಿಳಿಯದು. ಕಂದಪದ್ಯದ ಹನ್ನೆರಡು ಮಾತ್ರೆಯ ಸಾಲು ಮುಗಿದು ಇಪ್ಪತ್ತು ಮಾತ್ರೆಯ ಸಾಲು ಹಿಗ್ಗುವಾಗ ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕೆಂದು ಅವನ ಎದೆಗೆ ಗೊತ್ತು. ಮೇಷ್ಟ್ರು ಓದಿದ್ದು ಏಳನೆಯ ಇಯತ್ತೆ. ಮಹಾಪ್ರಾಣ ತಪ್ಪಿದರೆ ಅವರು ಬಯ್ಯುವುದಿಲ್ಲ, ಪೆಟ್ಟಿಗೆಯ ಮೇಲಿನ ಕೈಯನ್ನು ಎತ್ತಿಬಿಡುತ್ತಾರೆ. ಹಾಡು ಒಂಟಿಯಾಗಿ ನಿಲ್ಲುತ್ತದೆ. ಹುಡುಗ ನಾಚಿ, ಪದವನ್ನು ಮೊದಲಿನಿಂದ ಹೇಳುತ್ತಾನೆ. ‘ಧರ್ಮರಾಯ’ನನ್ನು ‘ದರ್ಮರಾಯ’ನಾಗದಂತೆ ಮಾಡಲು ಇದಕ್ಕಿಂತ ಒಳ್ಳೆಯ ಪಾಠಕ್ರಮವನ್ನು ನಾನು ನೋಡಿಲ್ಲ.

ಇನ್ನು ಪ್ರದರ್ಶನ. ಸಂಗೀತದ ಬಗ್ಗೆ ನನ್ನ ಮೊದಲ ತಕರಾರು ಶ್ರುತಿಯದು. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಕಂಪನಿಯ ನಟರು ಏರು ಶ್ರುತಿಯಲ್ಲಿ ಹಾಡಿದ್ದು ಕೊನೆಯ ಸಾಲಿನಲ್ಲಿ ಕೂತವನಿಗೂ ಕೇಳಲೆಂದು. ಈಗ ತಲೆಯ ಮೇಲೆ ನಾಲ್ಕು ಮೈಕು ತೂಗುತ್ತವೆ, ಎರಡು ಪಕ್ಕದಲ್ಲೂ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು ಇರುತ್ತವೆ. ಶ್ರುತಿ ಮಾತ್ರ ಕೆಳಗಿಳಿದಿಲ್ಲ. ಮೂರನೆಯ ದೃಶ್ಯ ಕಳೆಯುವಷ್ಟರಲ್ಲಿ ದುರ್ಯೋಧನನ ಗಂಟಲು ಹರಿದಿತ್ತು. ಅಲ್ಲಿಂದ ಮುಂದೆ, ಬೆಳಗಿನ ಜಾವದ ಗದಾಯುದ್ಧದವರೆಗೆ ಅವನು ಹಾಡಿದ್ದಲ್ಲ, ಕೂಗಿದ್ದು. ವೈಶಂಪಾಯನ ಸರೋವರದ ದಡದಲ್ಲಿ ಎಲ್ಲರನ್ನೂ ಕಳೆದುಕೊಂಡು ಒಬ್ಬನೇ ನಿಂತ ರಾಜನಿಗೆ ಮಂದ್ರದಲ್ಲಿ ಒಂದು ಸ್ವರ ಬೇಕು. ಅದೇ ಅವನ ಬಳಿ ಉಳಿದಿರಲಿಲ್ಲ.

ಎರಡನೆಯದು, ಹಾಡಿಗೂ ಸಂದರ್ಭಕ್ಕೂ ಇರುವ ನಂಟು. ಬಾಣ ತಗುಲಿ ಬಿದ್ದ ಕರ್ಣ ಕಾಲು ಗಂಟೆ ಹಾಡಿದ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಹಾಡಿನ ನಾಟಕದಲ್ಲಿ ಸಾವೂ ಹಾಡಬೇಕು. ಆದರೆ ‘ಒನ್ಸ್ ಮೋರ್’ ಎಂದ ಕೂಡಲೇ ಎದ್ದು ಬಂದು, ಮೈಕಿನ ಹತ್ತಿರ ನಿಂತು, ಮೊದಲಿಗಿಂತ ಹುರುಪಿನಲ್ಲಿ ಹಾಡಿ, ಮತ್ತೆ ಹೋಗಿ ಬಿದ್ದುಕೊಂಡರೆ ಸತ್ತವನು ಯಾರು? ಅಷ್ಟರಲ್ಲಿ ಪರದೆಯ ಪಕ್ಕದಿಂದ ಒಬ್ಬರು ಮೈಕಿನಲ್ಲಿ, ಇಂಥವರು ಕರ್ಣನ ಪಾತ್ರಕ್ಕೆ ಮೆಚ್ಚಿ ಐನೂರು ರೂಪಾಯಿ ಮುಯ್ಯಿ ಕೊಟ್ಟಿದ್ದಾರೆ ಎಂದು ಕೂಗಿದರು. ಸಂಧಾನದ ದೃಶ್ಯ ತುತ್ತತುದಿಗೆ ಬಂದಾಗ ಪರದೆ ಇಳಿಸಿ ಗಣ್ಯರಿಗೆ ಹಾರ ಶಾಲು ಹಾಕಿದರು. ಮುಕ್ಕಾಲು ಗಂಟೆ ಕೃಷ್ಣ ಕೊಳಲು ಕಂಕುಳಲ್ಲಿಟ್ಟುಕೊಂಡು ಪಕ್ಕದಲ್ಲಿ ಕಾಯುತ್ತಿದ್ದ. ಯುದ್ಧ ತಪ್ಪೀತೇನೋ ಎಂದು ಉಸಿರು ಬಿಗಿಹಿಡಿದಿದ್ದ ಜನ ಕಡಲೆಕಾಯಿ ಕೊಳ್ಳಲು ಎದ್ದುಹೋದರು.

ಒಳ್ಳೆಯ ಗಳಿಗೆಗಳೂ ಇದ್ದವು. ಶಕುನಿ ಮಾಡಿದ ಹುಡುಗನಿಗೆ ಒಂದೇ ಪದ್ಯ, ಉಳಿದದ್ದೆಲ್ಲ ಮಾತು. ಅವನು ನಮ್ಮ ಸೀಮೆಯ ಮಾತಿನ ಲಯವನ್ನು ಬಿಡದೆ, ಸಂತೆಯಲ್ಲಿ ಹಸು ವ್ಯಾಪಾರ ಮಾಡುವವನಂತೆ ಮೆಲ್ಲಗೆ ಆಡಿದ. ನಕ್ಕವರು ಮರುಕ್ಷಣ ಬೆಚ್ಚಿದರು. ವಿದುರನ ಪಾತ್ರದವನು ಎರಡು ಪದ್ಯ ಹಾಡಿದ, ಎರಡೂ ಹಿಂದೋಳದಲ್ಲಿ. ಅಷ್ಟು ಗದ್ದಲದ ಮೈದಾನ ಸುಮ್ಮನಾಯಿತು. ಆ ರಾತ್ರಿ ಶ್ರುತಿಯಲ್ಲಿ ನಿಂತು ಹಾಡಿದ ಒಂದೇ ಗಂಡು ದನಿ ಅದು.

ಹಾಗಿದ್ದ ಮೇಲೆ ಅವನು ಯಾಕೆ ಕೃಷ್ಣನಾಗಲಿಲ್ಲ? ಉತ್ತರ ಊರಿಗೆಲ್ಲ ಗೊತ್ತು. ಪಾತ್ರಗಳಿಗೆ ಬೆಲೆಯಿದೆ. ದುರ್ಯೋಧನ, ಕೃಷ್ಣ, ಕರ್ಣ, ಭೀಮ, ಇವು ದುಬಾರಿ. ಸಾತ್ಯಕಿ, ವಿದುರ ಕಡಿಮೆ. ಒಂದೇ ಪಾತ್ರಕ್ಕೆ ಇಬ್ಬರು ಬಂದರೆ ಹರಾಜೇ ಆಗುತ್ತದೆ. ಇದನ್ನು ಕೇಳಿ ಮೂಗು ಮುರಿಯುವವರು ಲೆಕ್ಕವನ್ನೂ ನೋಡಬೇಕು. ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ವಸ್ತ್ರಾಲಂಕಾರ, ಮೈಕು, ತಬಲದವರು, ಎಲ್ಲಕ್ಕೂ ದುಡ್ಡು ಬರುವುದು ಆಡುವವರ ಜೇಬಿನಿಂದಲೇ. ಟಿಕೆಟ್ಟಿಲ್ಲ. ತಮ್ಮ ಕೈಯಿಂದ ಹಣ ಹಾಕಿ ಊರಿಗೆ ನಾಟಕ ತೋರಿಸುವ ಕಲಾವಿದರು ಜಗತ್ತಿನಲ್ಲಿ ಬಹಳ ಇರಲಾರರು. ಆದರೂ ಜೂಜಿನಲ್ಲಿ ಎಲ್ಲವನ್ನೂ ಪಣಕ್ಕಿಟ್ಟವರ ಕಥೆಯನ್ನು ಪಾತ್ರ ಹರಾಜು ಹಾಕಿ ಆಡುವುದು ನನಗೆ ನುಂಗಲಾರದ ತುತ್ತು. ಗೂಡಿನ ಬೆಲೆ ಚೆನ್ನಾಗಿ ಬಂದ ವರ್ಷ ಯಾರ ಮನೆಯಲ್ಲಿ ಹೆಚ್ಚು ಬೆಳೆ ಆಯಿತೋ ಅವರ ಮಗ ದುರ್ಯೋಧನ. ಕಾಲು ಎಕರೆ ಹಿಪ್ಪುನೇರಳೆಯವನ ಮಗ, ದನಿ ಎಂಥದೇ ಇರಲಿ, ವಿದುರ.

ಪಣದ ಮಾತು ಬಂದದ್ದರಿಂದ ದ್ರೌಪದಿಯ ಕಡೆ ಬರುತ್ತೇನೆ. ಆಕೆ ಊರಿನವಳಲ್ಲ. ದ್ರೌಪದಿ, ಕುಂತಿ, ಗಾಂಧಾರಿ, ಉತ್ತರೆಯರು ಮಂಡ್ಯ, ಮೈಸೂರು, ಬೆಂಗಳೂರು ಕಡೆಯಿಂದ ಸಂಜೆ ಬಾಡಿಗೆ ಕಾರಿನಲ್ಲಿ ಬರುತ್ತಾರೆ. ಸೀಜನ್ನಿನಲ್ಲಿ ಅವರಿಗೆ ದಿನಕ್ಕೊಂದು ಊರು. ತಂಡದ ಜೊತೆ ಒಂದು ದಿನವೂ ಅಭ್ಯಾಸ ಮಾಡಿರುವುದಿಲ್ಲ. ಆ ರಾತ್ರಿ ಕರ್ಣ ಕುಂತಿಯರ ಭೇಟಿಯ ದೃಶ್ಯವನ್ನು ರಂಗದ ಪಕ್ಕದಿಂದಲೇ ನೋಡಿದೆ. ನಾಲ್ಕು ತಿಂಗಳು ಕಲಿತ ಕರ್ಣ ನಡುವೆ ಮಾತು ಮರೆತು ಕಲ್ಲಾದ. ಕುಂತಿ ಮುಖದ ದುಃಖ ಒಂದಿಷ್ಟೂ ಕದಲದಂತೆ, ಮಗನ ತಲೆ ಸವರುವ ನೆಪದಲ್ಲಿ ಬಗ್ಗಿ, ಅವನ ಮಾತನ್ನು ಕಿವಿಯಲ್ಲಿ ಹೇಳಿದಳು. ಜನಕ್ಕೆ ಅದು ತಾಯಿಯ ಅಕ್ಕರೆಯಾಗಿ ಕಂಡು ಚಪ್ಪಾಳೆ ಬಿತ್ತು. ನಾಲ್ಕೈದು ಸಲ ಹೀಗೆ ನಾಟಕವನ್ನು ಮೇಲೆತ್ತಿ ನಿಲ್ಲಿಸಿದವರು ಈ ಹೆಂಗಸರು. ಫ್ಲೆಕ್ಸಿನಲ್ಲಿ ಇವರಿಗೆ ಮುಖವಿಲ್ಲ. ಕೆಳಗೆ ಒಂದು ಸಾಲು: ಸ್ತ್ರೀ ಪಾತ್ರಗಳಲ್ಲಿ ನುರಿತ ಮಹಿಳಾ ಕಲಾವಿದರು.

ಊರಿನಲ್ಲಿ ಹಾಡುವ ಹೆಣ್ಣುಮಕ್ಕಳಿಲ್ಲವೇ? ಪಡಸಾಲೆಯ ಗೋಡೆಗೆ ಅಂಟಿದ ಮನೆಯ ಹುಡುಗಿಯೊಬ್ಬಳು, ಆಕೆಯೂ ನನ್ನ ವಿದ್ಯಾರ್ಥಿನಿ, ನಾಲ್ಕು ತಿಂಗಳು ಗೋಡೆಯಾಚೆಯಿಂದ ಕೇಳಿಯೇ ಇಡೀ ನಾಟಕ ಕಲಿತಿದ್ದಳು. ಶಾಲೆಯ ವಾರ್ಷಿಕೋತ್ಸವದಲ್ಲಿ ದ್ರೌಪದಿ ಮುಡಿ ತೋರಿಸಿ ಕೃಷ್ಣನನ್ನು ಕೇಳುವ ಪದ್ಯ ಹಾಡಿದಳು. ಇಷ್ಟು ವರ್ಷ ಕೇಳಿದ ದ್ರೌಪದಿಯರಲ್ಲಿ ಆ ಪದ್ಯವನ್ನು ಅಳುವಾಗಿಸದೆ ಪ್ರಶ್ನೆಯಾಗಿಸಿದವಳು ನನ್ನ ಮಟ್ಟಿಗೆ ಇವಳೊಬ್ಬಳೇ. ಜೂಜಿನ ಸಭೆ ಈ ನಾಟಕದಲ್ಲಿ ರಂಗದ ಮೇಲೆ ಬರುವುದಿಲ್ಲ, ಅದು ನಡೆದುಹೋದ ಮೇಲೆ ಕಥೆ ಶುರುವಾಗುತ್ತದೆ. ಬಿಚ್ಚಿದ ಮುಡಿಯಾಗಿ ಅದು ರಂಗದ ಮೇಲೆ ಓಡಾಡುತ್ತಿರುತ್ತದೆ, ಅಷ್ಟೇ. ಸಂಧಾನಕ್ಕೆ ಹೊರಟ ಕೃಷ್ಣನನ್ನು ತಡೆದು, ನನ್ನ ಲೆಕ್ಕ ಏನಾಯಿತು ಎಂದು ಕೇಳುವ ಆ ಪದ್ಯ ಅತ್ತುಬಿಟ್ಟರೆ ಮುಂದಿನ ಯುದ್ಧಕ್ಕೆ ಕಾರಣವೇ ಇರುವುದಿಲ್ಲ.

ಮಾನಸ್ಥರ ಮನೆಯ ಹೆಣ್ಣುಮಕ್ಕಳು ರಾತ್ರಿ ಹೊತ್ತು ಬಣ್ಣ ಹಚ್ಚುತ್ತಾರೆಯೇ ಎಂದು ಸಂಘದ ಹಿರಿಯರೊಬ್ಬರು ನನ್ನನ್ನೇ ಕೇಳಿದರು. ಆಗ ಹೊಳೆದದ್ದು ಆರ್. ನಾಗರತ್ನಮ್ಮನವರ ಹೆಸರು. 1958ರಲ್ಲಿ ಮೈಸೂರಿನಲ್ಲಿ ಅವರು ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಗಂಡು ಪಾತ್ರಗಳೂ ಹೆಂಗಸರವೇ. ‘ಕೃಷ್ಣ ಗಾರುಡಿ’ಯ ಭೀಮನಾಗಿ, ‘ಕೃಷ್ಣಲೀಲೆ’ಯ ಕಂಸನಾಗಿ ಅವರು ಗದೆ ಹೊತ್ತು ಬಂದರೆ ಗಂಡು ನಟರು ಅಂಜುತ್ತಿದ್ದರಂತೆ. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಮೈಸೂರು ನಮಗೆ ದೂರವೇನಲ್ಲ, ರೈಲು ದಿನವೂ ನಮ್ಮ ಮುಂದೆಯೇ ಹೋಗುತ್ತದೆ. ಹಿರಿಯರು ತಲೆಯಾಡಿಸಿ, ‘ಅವರು ಕಂಪನಿಯವರು ಕಣ್ ಟೀಚರಮ್ಮ, ನಮ್ದು ಹಳ್ಳಿ’ ಎಂದರು.

ಮೇಷ್ಟ್ರು ಮಾತ್ರ ಬೇರೆ ಮಾತಾಡಿದರು. ಮೂರು ಹೆಣ್ಣುಮಕ್ಕಳು ಸಿಕ್ಕರೆ ಸಾಕು, ಭಾನುವಾರ ಹಗಲು ಹೊತ್ತಿನಲ್ಲಿ ಶಾಲೆಯ ಜಗಲಿಯ ಮೇಲೇ ಕಲಿಸುತ್ತೇನೆ, ದುಡ್ಡು ಬೇಡ ಎಂದರು. ‘ಬರೀ ಹೆಣ್ಣುಮಕ್ಕಳದೇ ಮಾಡಾಣ. ಶ್ರುತಿ ಅವರ ಗಂಟಲು ನೋಡಿ ಇಡ್ತೀನಿ, ಪಾರ್ಟಿಗೆ ಬೆಲೆ ಇಲ್ಲ, ದನಿ ನೋಡಿ ಕೊಡ್ತೀನಿ’ ಎಂದೂ ಸೇರಿಸಿದರು. ಈಗ ಇಬ್ಬರು ಬರುತ್ತಿದ್ದಾರೆ. ಗೋಡೆಯಾಚೆ ಕೇಳಿ ಕಲಿತವಳು ಕನಕಪುರದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದಾಳೆ. ಅವಳ ತಂದೆ ಇನ್ನೂ ಹೂಂ ಎಂದಿಲ್ಲ, ಉಹೂಂ ಎಂದೂ ಹೇಳಿಲ್ಲ. ಮನೆಯಲ್ಲಿ ಹುಳ ನಾಲ್ಕನೆಯ ಜ್ವರದಲ್ಲಿದೆ, ಗೂಡು ಬಿಡಿಸಿ ಮಾರಿ ಬಂದ ಮೇಲೆ ಅಪ್ಪನನ್ನು ಇನ್ನೊಂದು ಸಲ ಕೇಳುತ್ತೇನೆ ಎಂದು ಮೊನ್ನೆ ಬಸ್ಸಿನಲ್ಲಿ ಸಿಕ್ಕಾಗ ಹೇಳಿದಳು.